ನಿಘಂಟಿಗೆ ಹತ್ತಿದ ಬೆಳ್ಳಿಹುಳು

ಜೂನ್ ೧೧, ಬುಧವಾರ.

ಮೈದಾ ಅಂಟಿನಿಂದ ನಾನೇ ರಟ್ಟು ಹಾಕಿದ ನಿಘಂಟಿನ ಬೆನ್ನನ್ನು ಬೆಳ್ಳಿಹುಳುಗಳು ಮತ್ತಷ್ಟು ಕೆರೆದಿವೆ. ನನ್ನವಳು ಅಂಗಡಿಯಲ್ಲಿ ‘ಗೆದ್ದಲು’ ಎಂದುಬಿಟ್ಟಳು. ಅಂಗಡಿಯವನು ಗೆದ್ದಲಿನ ಔಷಧಿಯನ್ನೇ ಕೊಟ್ಟ. ಅದನ್ನು ಪುಸ್ತಕಕ್ಕೆ ಸುರಿಯಲಾದೀತೇ! ಗೆದ್ದಲು ಮಣ್ಣಿನ ದಾರಿ ಕಟ್ಟುತ್ತದೆ. ಈ ಬೆಳ್ಳಿಹುಳು ದೀಪ ಹಾಕಿದೊಡನೆ ಮೂರು ಬಾಲಗಳನ್ನೆಳೆದುಕೊಂಡು ಓಡುತ್ತದೆ. ತೇವವೆಂದರೆ ಇದಕ್ಕೆ ಪ್ರಾಣ. ಕಪಾಟನ್ನು ಬರಿದುಮಾಡಿ ಒಣಗಿಸಬೇಕು, ನನ್ನ ಸೊಂಟ ಒಪ್ಪದು.

“ನಾಳೆ ನಾನೇ ಇಳಿಸ್ತೀನಿ ಬಿಡಿ,” ಎಂದಳು. “ಆದ್ರೆ ಕೆಲಸ ಮುಗಿಯೋ ತನಕ ನನ್ನ ಮಾತು ತಿದ್ದೋ ಹಾಗಿಲ್ಲ, ಮೇಷ್ಟ್ರೇ.”

“ತಿದ್ದಿದರೆ?”

“ನಿಮ್ಮ ಪುಸ್ತಕ, ನಿಮ್ಮ ಸೊಂಟ.”

ಒಪ್ಪಿದೆ. ಒಡನೆಯೇ ಅವಳು ತನ್ನ ತಂಗಿಗೆ ಫೋನು ಮಾಡಿ, “ನಾಳೆ ಬರೋಕಾಗಲ್ಲ ಕಣೇ, ಮನೇಲಿ ಗೆದ್ದಲು,” ಎಂದಳು, ನನ್ನ ಮುಖವನ್ನೇ ನೋಡುತ್ತ. ನಿಘಂಟು ಉಳಿಯಲೆಂದು ಬಾಯಿ ಮುಚ್ಚಿಕೊಂಡೆ. ಇಲ್ಲಿಯಾದರೂ ಬರೆಯುತ್ತೇನೆ: ಅದು ಗೆದ್ದಲಲ್ಲ. ನಿಜಕ್ಕೂ ಹುಳುವೂ ಅಲ್ಲ. ಆರು ಕಾಲುಗಳಿರುವುದರಿಂದ ಕೀಟವೆನ್ನುವುದೇ…