ತೊಳೆದಿಟ್ಟ ವಿಮಾನ

ಶ್ರೀ ಗುರುಬಸವಲಿಂಗಾಯ ನಮಃ

ಖಾನಾಪುರ,
ಗುರುವಾರ, ೨೭ ಅಕ್ಟೋಬರ್ ೧೯೮೩

ಪ್ರೀತಿಯ ನಾಗಲಿಂಗಾ,

ನಿನ್ನ ಅಪ್ಪ ಬಾಳಪ್ಪನ ಆಶೀರ್ವಾದ. ಹೇಗಿದ್ದೀಯಪ್ಪಾ? ಆ ಕಡೆ ಚಳಿ ಶುರುವಾಗಿರಬೇಕು. ಹೋದ ವರ್ಷದ ಹಾಗೆ ಎದೆಯಲ್ಲಿ ಕೆಮ್ಮು ಕಟ್ಟಿಸಿಕೊಂಡು, ಏನಿಲ್ಲ ಬರೀ ಧೂಳಿಗೆ ಎಂದು ನಮಗೆ ಬರೆಯಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮವ್ವನಿಗೆ ಮೊಣಕಾಲು ನೋವು ಇದ್ದದ್ದೇ. ಎಣ್ಣೆ ತಿಕ್ಕಿಕೋ ಎಂದರೆ 'ನಿಮ್ಮ ಗಾಡಿ ಎಣ್ಣಿ ನನಗ ಬ್ಯಾಡ್ರಿ' ಎಂದು ನನ್ನನ್ನೇ ಗದರಿಸುತ್ತಾಳೆ. ನಿನ್ನ ಮಗಳಿಗೆ ನಾಲ್ಕು ಹಲ್ಲು ಮೂಡಿವೆ, ಸಿಕ್ಕ ಸಿಕ್ಕವರ ಬೆರಳು ಕಡಿಯುತ್ತಾಳೆ. ಸೊಸೆ ಗೌರವ್ವ ಮೈಯಿಂದ ಆರಾಮ ಇದ್ದಾಳೆ. ನನಗೇನು, ಗುಂಡುಕಲ್ಲಿನಂತೆ ಇದ್ದೇನೆ. ನಿದ್ದೆ ಒಂದು ಸರಿಯಾಗಿ ಬರುತ್ತಿಲ್ಲ. ಅದು ಯಾಕೆ ಎಂಬುದನ್ನು ಹೇಳಲಿಕ್ಕೇ ಈ ಪತ್ರ ಬರೆಯಲು ಕುಳಿತದ್ದು, ಬರೆಯಲು ಕುಳಿತು ಇದು ಮೂರನೆಯ ದಿನ.

ನಿನ್ನ ಪತ್ರ ಹೋದ ಗುರುವಾರ ಕೈಸೇರಿತು. ಪೋಸ್ಟಮನ್ ಹಣಮಪ್ಪ ಬೀದಿಯಿಂದಲೇ 'ವಿಮಾನದ ಸಾಹೇಬರ ಪತ್ರ ಬಂತ್ರಿ' ಎಂದು ಕೂಗಿಕೊಂಡು ಬಂದ. ಗೌರವ್ವ ಬಾಗಿಲಲ್ಲೇ ನಿಂತು ಒಡೆದು ಓದಿದಳು. ಅವಳ ಮುಖ ನೋಡಿ, ಗಟ್ಟಿಯಾಗಿ ಓದವ್ವಾ ಎಂದೆ. ವಾಯುಪಡೆಯಲ್ಲಿ ನೀನು ನೋಡಿಕೊಳ್ಳುವ ವಿಮಾನ ಇಳಿಯುವಾಗ ಎಡಗಡೆಯ ಗಾಲಿ ಹೊರಗೆ ಬಾರದೆ ಹೊಟ್ಟೆಯ ಮೇಲೆ ಉಜ್ಜಿಕೊಂಡು ಹೋಯಿತೆಂದೂ, ಹಾರಿಸುತ್ತಿದ್ದ ಆ ಚಿಕ್ಕ ವಯಸ್ಸಿನ ಅಧಿಕಾರಿಯ ಕಾಲು ಮುರಿಯಿತೆಂದೂ, ಈಗ ವಿಚಾರಣೆ ನಡೆದಿದೆಯೆಂದೂ ಅವಳು ಗಟ್ಟಿಯಾಗಿ ಓದಿ ಹೇಳುವಾಗ ನಿಮ್ಮವ್ವ ಕೂತಲ್ಲೇ ಲಿಂಗ ಹಿಡಿದುಕೊಂಡಳು. ಆ ಹುಡುಗನ ತಾಯಿ ಎಲ್ಲಿಯವಳೋ ಪಾಪ ಎಂದಳು. ಆಮೇಲೆ ನಿನ್ನ ಮಾತು ಬಂತು. ಎಡಗಾಲಿ ಮಡಚಿಕೊಳ್ಳುವ ಗೂಡಿನ ಹಿಂದೆ ಎಣ್ಣೆ ಜಿನುಗುತ್ತಿದ್ದುದನ್ನು ನೀನು ಏಪ್ರಿಲ್‌ನಿಂದಲೂ ನೋಡಿದ್ದೆ, ಮೇಲಿನವರಿಗೆ ಬಾಯಲ್ಲಿ ಹೇಳಿದ್ದೆ, ಪುಸ್ತಕದಲ್ಲಿ ಬರೆದಿಡಲಿಲ್ಲ. ಈಗ ಯಾರಿಗೂ ನೆನಪಿಲ್ಲ. ನೋಡಬೇಕಾದವನು ನೋಡಲಿಲ್ಲ ಎಂಬ ಮಾತು ನಿನ್ನ ಹೆಸರಿಗೆ ಅಂಟಿದರೆ ನೌಕರಿಯೇ ಹೋಗಬಹುದು.

ನೌಕರಿ ಹೋದರೆ ಹೋಗಲಿ, ಬೆಳಗಾವಿಯಲ್ಲಿ ಗ್ಯಾರೇಜುಗಳಿಗೇನು ಬರಗಾಲವೇ ಎಂದು ನಾನು ಜೋರಾಗಿಯೇ ಹೇಳಿದೆ. ಗೌರವ್ವ ನನ್ನನ್ನು ಒಂದು ಸಲ ನೋಡಿ ಮುಂದಕ್ಕೆ ಓದಿದಳು. 'ನನ್ನ ಹತ್ತಿರ ಬೇರೆ ಕಾಗದವಿಲ್ಲ, ಮನೆಯಲ್ಲಿರುವ ನನ್ನ ಮಾದರಿ ವಿಮಾನ ಒಂದೇ. ಮೇ ತಿಂಗಳಲ್ಲಿ ಆ ಎಣ್ಣೆಯ ಕಲೆಯನ್ನು ಇದ್ದಂತೆಯೇ ಅದರ ಮೇಲೆ ಬರೆದಿದ್ದೇನೆ. ಕೆಳಗಿನಿಂದ ಫೋಟೋ ತೆಗೆಸಿ ನವೆಂಬರ್ ಹತ್ತರೊಳಗೆ ಕಳಿಸು. ಸಾಹೇಬರು ಒಳ್ಳೆಯವರು, ತರಿಸು ನೋಡೋಣ ಎಂದಿದ್ದಾರೆ. ಅಪ್ಪ ಮೆಕ್ಯಾನಿಕ್ ಎಂದು ನಾನು ಹೇಳಿದ್ದಕ್ಕೆ, ಅವರು ತಾವು ಕಂಡದ್ದನ್ನು ಬರೆದು ಸಹಿ ಮಾಡಿದರೆ ಅದನ್ನೂ ಇಟ್ಟುಕೊಳ್ಳುತ್ತೇವೆ ಎಂದಿದ್ದಾರೆ.' ಅಲ್ಲಿಗೆ ಗೌರವ್ವ ಪತ್ರ ಮಡಚಿದಳು. ಮೂವರೂ ಕಪಾಟಿನ ಮೇಲಿದ್ದ ವಿಮಾನದ ಕಡೆ ನೋಡಿದೆವು. ಅದು ಫಳಫಳ ಹೊಳೆಯುತ್ತಿತ್ತು.

ಮಗನೇ, ನಾನು ಅದನ್ನು ತೊಳೆದುಬಿಟ್ಟಿದ್ದೇನೆ.

ಬೈಯಬೇಕೆನ್ನಿಸಿದರೆ ಬೈದುಬಿಡು, ಆದರೆ ಹೇಗಾಯಿತೆಂದು ಕೇಳು. ಬೇಸಿಗೆಯಲ್ಲಿ ನೀನು ಅದಕ್ಕೆ ಹೊಲಸು ಹಚ್ಚುತ್ತ ಕುಳಿತಾಗ ನಮ್ಮಿಬ್ಬರ ನಡುವೆ ಎಷ್ಟು ಜಗಳವಾಗಿತ್ತು, ನೆನಪಿದೆಯಲ್ಲ. ಮುಂಬಯಿಯಿಂದ ತರಿಸಿದ ಅಷ್ಟು ದೊಡ್ಡ ಡಬ್ಬಿ, ನೂರಾರು ಪ್ಲಾಸ್ಟಿಕ್ ತುಂಡು. ಒಂದು ರಜೆಯೆಲ್ಲ ಅವನ್ನು ಅಂಟಿಕೊಂಡಿದ್ದ ಕಡ್ಡಿಗಳಿಂದ ಕತ್ತರಿಸಿ ಬಿಡಿಸಿ, ಮರಳುಕಾಗದದಿಂದ ತಿಕ್ಕಿ, ಅಂಟಿಸಿದೆ. ಮೊಳದುದ್ದದ ವಿಮಾನ ಎದ್ದು ನಿಂತಾಗ ನಾನೂ ಹಿಗ್ಗಿದ್ದೆ. ಮರುವರ್ಷ ಬಂದು ಚಂದದ ಬಣ್ಣ ಹೊಡೆದೆ. ಅದಾದ ಮೇಲೆ ಶುರುವಾಯಿತು ನಿನ್ನ ಹುಚ್ಚು. ಕಪ್ಪು ಬಣ್ಣಕ್ಕೆ ಟರ್ಪೆಂಟೈನ್ ಬೆರೆಸಿ ತಿಳಿ ಮಾಡಿ ಗೆರೆಗೆರೆಯಲ್ಲೂ ಹರಿಸಿ ಒರೆಸುವುದು, ಬೆಂಕಿ ಉಗುಳುವ ಹಿಂಭಾಗಕ್ಕೆ ಚಿಮಣಿಯ ಮಸಿ, ಪೈಲಟ್ ಬೂಟು ಇಟ್ಟು ಹತ್ತುವ ಕಡೆ ಬಣ್ಣ ಸವೆದಂತೆ ಬೆಳ್ಳಿಯ ಒಂದೊಂದೇ ಚುಕ್ಕೆ. 'ಚೊಲೋ ಗಾಡಿಗೆ ಯಾಕೋ ಹೊಲಸ ಬಡೀತಿ' ಎಂದು ನಾನು ಕೂಗಾಡಿದರೆ, 'ಅಪ್ಪಾ, ಹಾರಿದ್ದು ಹಿಂಗ ಇರತೈತಿ. ತೊಳದದ್ದು ಅಂಗಡ್ಯಾಗ ಇರತೈತಿ' ಎಂದು ನಕ್ಕೆ. ನನ್ನ ಜೀವನವೆಲ್ಲ ಹೋದದ್ದು ಡಿಪೋದಲ್ಲಿ ಹೊಲಸು ಬಸ್ಸುಗಳನ್ನು ತೊಳೆಸುವುದರಲ್ಲಿ. ನೀನು ಅಷ್ಟು ಕಷ್ಟಪಟ್ಟು ಅದೇ ಹೊಲಸನ್ನು ಕುಂಚದ ತುದಿಯಿಂದ ಹಚ್ಚುವುದನ್ನು ನೋಡಿ ನನಗೆ ಸಿಟ್ಟೂ ಬರುತ್ತಿತ್ತು, ಸುಳ್ಳೇಕೆ ಹೇಳಲಿ, ನೋಡುತ್ತ ನಿಲ್ಲಬೇಕೆಂದೂ ಅನಿಸುತ್ತಿತ್ತು. ಮಳೆಗಾಲ ಹತ್ತಿರ ಬಂತು, ಈ ತೇವಕ್ಕೆ ವಾರ್ನಿಷ್ ಬೆಳ್ಳಗಾಗುತ್ತದೆ, ದೀಪಾವಳಿಗೆ ಬಂದಾಗ ಹೊಡೆಯುತ್ತೇನೆ ಎಂದು ಹಾಗೇ ಬಿಟ್ಟು ಹೋದೆ.

ದಸರೆಯ ಖಂಡೇಪೂಜೆಯ ದಿನ ನಿನಗೆ ಗೊತ್ತೇ ಇದೆ. ನಿವೃತ್ತಿಯಾಗಿ ಎರಡು ವರ್ಷವಾದರೂ ನನ್ನ ಪಾನಾ, ಸುತ್ತಿಗೆ, ಇಕ್ಕಳ ಎಲ್ಲವನ್ನೂ ಹೊರಗೆ ತೆಗೆದು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿ ಸಾಲಾಗಿ ಇಟ್ಟೆ. ನಿಮ್ಮವ್ವ ಈಳಿಗೆ, ಒನಕೆ ತಂದಿಟ್ಟಳು. ಗೌರವ್ವ ಹೊಲಿಗೆಯಂತ್ರವನ್ನು ತಳ್ಳಿಕೊಂಡು ಬಂದಳು. ಎಲ್ಲರ ದುಡಿಮೆಯ ಸಾಮಾನು ಇತ್ತು, ನಿನ್ನದು ಇರಲಿಲ್ಲ. ನಿನ್ನ ಹೊಟ್ಟೆಪಾಡು ವಿಮಾನ, ಅದು ಪೂಜೆಗೆ ಇಲ್ಲದಿದ್ದರೆ ಹೇಗೆ ಎಂದು ನಾನೇ ಕಪಾಟಿನ ಮೇಲಿಂದ ಇಳಿಸಿಕೊಂಡೆ. ಹೊಲಸು ಗಾಡಿಗೆ ನಾನು ಯಾವತ್ತೂ ವಿಭೂತಿ ಹಚ್ಚಿದವನಲ್ಲ. ಡಿಪೋದಲ್ಲಿ ಡ್ರೈವರುಗಳು ತೊಳೆಯದ ಬಸ್ಸಿಗೆ ಹೂವು ಹಾಕಿದರೆ ಹೂವು ಕಿತ್ತು ಬಕೆಟ್ ಕೈಗೆ ಕೊಡುತ್ತಿದ್ದೆ. ಕನ್ನಡಕ ಹಾಕಿಕೊಂಡು, ನಿನ್ನ ವಿಮಾನವನ್ನು ತಿರುಗಿಸಿ ಮುರುಗಿಸಿ ನೋಡಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಮೊದಲು ಸೀಮೆಎಣ್ಣೆ, ಆಮೇಲೆ ಸಾಬೂನು ನೀರು, ಕೂಸಿಗೆ ಎರೆದ ಹಾಗೆ ತೊಳೆದೆ. ಐದು ತಿಂಗಳ ಮಸಿ ಅರ್ಧ ತಾಸಿನಲ್ಲಿ ಹೋಯಿತು. ಮೂತಿಗೆ ಮೂರು ಬೆರಳ ವಿಭೂತಿ ಎಳೆದು ಚೆಂಡುಹೂವು ಇಟ್ಟೆ. ಗಾಲಿಯ ಕೆಳಗೆ ಇಡಲು ಹೋದರೆ ನಿಂಬೆಹಣ್ಣೇ ಗಾಲಿಗಿಂತ ದೊಡ್ಡದು, ಎಲ್ಲರೂ ನಕ್ಕರು. ಮರುದಿನ ಬನ್ನಿ ಕೊಡಲು ಬಂದವರೆಲ್ಲ 'ಏನ್ ಹೊಳಿತೈತ್ರಿ' ಎಂದು ಹೊಗಳಿದರು. ನಾನು ಮೀಸೆ ತಿರುವಿದೆ. ಐದೇ ದಿನಕ್ಕೆ ನಿನ್ನ ಪತ್ರ ಬಂತು.

ಗೌರವ್ವ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ವಿಮಾನವನ್ನು ಬೆಳಕಿಗೆ ಹಿಡಿದು ಹೊಟ್ಟೆಯ ಕೆಳಗೆಲ್ಲ ಹುಡುಕಿದಳು, ಒಂದು ಗೆರೆಯಾದರೂ ಉಳಿದಿರಬಹುದೆಂದು. ಆಮೇಲೆ, 'ಮಾವಾರ, ಬೆಳಗಾಂವಿಗೆ ಕಾಸಿಮಸಾಬರ ಕಡೆ ಒಯ್ಯೂಣು, ಅವರು ಬರದು ಕೊಡತಾರ' ಎಂದಳು. ಲಾರಿಗೆ ಬಣ್ಣ ಹೊಡೆಯುವ ಕಾಸಿಮಸಾಬರ ಹತ್ತಿರ ನೀನು ಕುಂಚ ಹಿಡಿಯಲು ಕಲಿತದ್ದು ಅವಳಿಗೆ ಗೊತ್ತಲ್ಲ. ಶನಿವಾರ ಬುಟ್ಟಿಯಲ್ಲಿ ಹಳೆಯ ಧೋತರ ಹಾಸಿ, ಅದರ ಮೇಲೆ ವಿಮಾನ ಮಲಗಿಸಿ ಬಸ್ಸು ಹತ್ತಿದೆ. ಕಂಡಕ್ಟರ್ 'ಬುಟ್ಟ್ಯಾಗ ಏನೈತ್ರಿ ಬಾಳಪ್ಪಣ್ಣಾ, ಕೋಳಿ ಏನು' ಎಂದು ತಮಾಷೆ ಮಾಡಿದ. ನಮ್ಮ ಮನೆಯಲ್ಲಿ ಕೋಳಿಯಂತೆ! ಬೇರೆ ದಿನವಾಗಿದ್ದರೆ ಅವನ ಚಳಿ ಬಿಡಿಸುತ್ತಿದ್ದೆ.

ಕಾಸಿಮಸಾಬರು ಗಟ್ಟಿ ಮನುಷ್ಯ. ಎಲ್ಲ ಕೇಳಿ, ಕೈ ಒರೆಸಿಕೊಂಡು, ವಿಮಾನವನ್ನು ಅಂಗಾತ ತಿರುಗಿಸಿ ನೋಡಿದರು. 'ಎರಡ ತಾಸಿನ ಕೆಲಸ ಬಾಳಪ್ಪಣ್ಣಾ. ಎಣ್ಣಿ ಡಾಗ ನಾ ಹೊಡೀತೀನಿ, ಕಂಪನಿಯವನಿಗೂ ಗೊತ್ತಾಗಂಗಿಲ್ಲ. ಖರೇ ಎಲ್ಲಿತ್ತು, ಎಷ್ಟ ಉದ್ದ ಇತ್ತು, ನೀವು ಬೆರಳ ಇಟ್ಟ ತೋರಸಬೇಕು. ನೋಡದ್ದನ್ನ ನಾ ಹೆಂಗ ಬರೀಲಿ' ಎಂದರು. ನಾನು ಬೆರಳು ಮುಂದೆ ಮಾಡಿದೆ. ಮುಟ್ಟದೆ ಹಿಂದಕ್ಕೆ ತೆಗೆದೆ. ನೆನಪಿಲ್ಲ ಎಂದೆ. ಅವರು ಚಹಾ ತರಿಸಿದರು, ಕುಡಿಯಲಾಗಲಿಲ್ಲ. ವಿಮಾನವನ್ನು ಮತ್ತೆ ಧೋತರದಲ್ಲಿ ಸುತ್ತಿಕೊಂಡು, ಬಂದ ದಾರಿಯಲ್ಲೇ ವಾಪಸು ಬಂದೆ. ಒಂದು ಕಲೆ ಹಚ್ಚಿಸಿಕೊಂಡು ಬರಲಾಗದ ಮುದುಕ ಎಂದು ನನ್ನನ್ನು ನಾನೇ ಬೈದುಕೊಂಡೆ.

ಅಂದಿನಿಂದ ಗೌರವ್ವ ಊಟಕ್ಕೆ ಬಡಿಸುತ್ತಾಳೆ, ಕೇಳಿದ್ದಕ್ಕೆ ಹೂಂ ಎನ್ನುತ್ತಾಳೆ, ಅಷ್ಟೇ. ಫೋಟೋ ಇಲ್ಲದಿದ್ದರೆ ಬೇಡ, ನೀವು ಬರೆದುಕೊಡಿ ಎಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ನನ್ನ ಮುಂದೆ ತಂದಿಟ್ಟಳು. ನೆನಪಿಲ್ಲವ್ವಾ ಎಂದೆ. ಮೊನ್ನೆ ತಡೆಯಲಾರದೆ ಅಂದೇಬಿಟ್ಟಳು: 'ಮಾವಾರ, ಅವರು ನಿಮಗ ಸುಳ್ಳ ಹೇಳ್ರಿ ಅಂದಿಲ್ಲ. ಇದ್ದದ್ದ ಇತ್ತು ಅಂತ ಬರದ ಕೊಡ್ರಿ ಅಂದಾರ. ಅಷ್ಟೂ ಆಗೂದಿಲ್ಲೇನ್ರಿ ಮಗನ ಸಲುವಾಗಿ?' ನಿಮ್ಮವ್ವ ಅವಳನ್ನು ಸುಮ್ಮನಾಗಿಸಲು ಹೋಗಲಿಲ್ಲ. ಅವಳೂ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಎದ್ದು ಹೊಳೆಯ ಕಡೆ ಹೋದೆ. ಸೇತುವೆಯ ಮೇಲೆ ನಿಂತು ನೀರು ನೋಡಿ ಬಂದೆ. ಹಾಳೆ ಇಟ್ಟಲ್ಲೇ ಇತ್ತು. ಈಗ ಈ ಪತ್ರ ಬರೆಯುತ್ತಿರುವಾಗಲೂ ಮೊಣಕೈ ಹತ್ತಿರವೇ ಇದೆ.

ಮೂವತ್ತೊಂದು ವರ್ಷ ಎಂಥೆಂಥ ಗಾಡಿಗಳನ್ನು ರಿಪೇರಿ ಮಾಡಿದೆ. ಗುಂಜಿಯ ಕಾಡಿನಲ್ಲಿ ಕೆಟ್ಟು ನಿಂತ ಬಸ್ಸನ್ನು ಬರೀ ತಂತಿ ಕಟ್ಟಿ ಊರಿಗೆ ತಂದಿದ್ದೇನೆ. ಇದೊಂದಕ್ಕೆ ಎಲ್ಲಿ ಕೈ ಹಾಕಬೇಕೆಂದೇ ತಿಳಿಯದು. ನೀನು ಅಲ್ಲಿ ಒಬ್ಬನೇ ಅಧಿಕಾರಿಗಳ ಮುಂದೆ ನಿಂತಿರುವುದನ್ನು ನೆನೆದು ನಡುರಾತ್ರಿ ಎದ್ದು ಕೂರುತ್ತೇನೆ. ಏನೇ ತೀರ್ಮಾನವಾಗಲಿ, ಅವಮಾನವಾಯಿತೆಂದು ಅಲ್ಲೇ ಎಲ್ಲಾದರೂ ಉಳಿದುಬಿಡಬೇಡ. ನೆಟ್ಟಗೆ ಮನೆಗೆ ಬಾ. ಈ ಮನೆಯಲ್ಲಿ ನಿನ್ನನ್ನು ಯಾರೂ ಒಂದು ಮಾತೂ ಕೇಳುವುದಿಲ್ಲ, ನಾನು ಕೇಳಗೊಡುವುದಿಲ್ಲ.

ನಿಮ್ಮವ್ವ ಆಶೀರ್ವಾದ ಹೇಳಿದ್ದಾಳೆ, ಕೊರಳಲ್ಲಿ ಲಿಂಗ ತಪ್ಪಿಸಬೇಡ ಎಂದಿದ್ದಾಳೆ. ಗೌರವ್ವ ತನ್ನ ಪತ್ರ ಬೇರೆ ಬರೆಯುತ್ತಾಳಂತೆ. ಕಾಲು ಮುರಿದುಕೊಂಡ ಆ ಹುಡುಗ ಈಗ ಹೇಗಿದ್ದಾನೆಂದು ತಪ್ಪದೆ ತಿಳಿಸು. ಬಸವಣ್ಣ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಬಾಳಪ್ಪ

ತಾ.ಕ.: ಗೌರವ್ವ ಕೂಸನ್ನು ಎತ್ತಿಕೊಂಡು ಪಕ್ಕದ ಮನೆಗೆ ಹೋಗಿದ್ದಾಳೆ. ಅವಳು ಬರುವುದರೊಳಗೆ ಇಷ್ಟು ಬರೆದು ಲಕೋಟೆ ಅಂಟಿಸಬೇಕು. ಓದಿ ಹರಿದುಹಾಕು. ನಾಗಲಿಂಗಾ, ನೆನಪಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ತೊಳೆಯುವ ಮೊದಲು ನಾನು ಎಲ್ಲಕ್ಕಿಂತ ಮುಂಚೆ ನೋಡಿದ್ದೇ ಆ ಗಾಲಿಗೂಡುಗಳನ್ನು. ಬಸ್ಸಿನ ಕೆಳಗೆ ಮಲಗಿ ಎಣ್ಣೆ ಎಲ್ಲಿ ಜಿನುಗುತ್ತದೆಂದು ಹುಡುಕಿದ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಎಡಗಡೆ ಏನೂ ಇರಲಿಲ್ಲ. ಇಷ್ಟೆಲ್ಲ ಹೊಲಸು ಮಾಡಿದವನು ಇಲ್ಲಾದರೂ ಸ್ವಚ್ಛ ಬಿಟ್ಟಿದ್ದಾನಲ್ಲ ಎಂದು ಆಗ ಖುಷಿಪಟ್ಟಿದ್ದೆ. ನಾನು ತೊಳೆಯದೇ ಇದ್ದಿದ್ದರೂ ಫೋಟೋದಲ್ಲಿ ಆ ಕಲೆ ಬರುತ್ತಿರಲಿಲ್ಲ. ನೀನು ಬೇಕೆಂದು ಸುಳ್ಳು ಬರೆದಿ ಎನ್ನುವುದಿಲ್ಲ, ಹಾಗಿದ್ದರೆ ಫೋಟೋ ಕಳಿಸು ಎನ್ನುತ್ತಲೇ ಇರಲಿಲ್ಲ. ಕಂಡೆನೆಂದು ನೀನು ಖರೇನೇ ನಂಬಿದ್ದೀಯ, ಅದಕ್ಕೇ ನನಗೆ ನಿದ್ದೆ ಇಲ್ಲ. ನೀನು ಇನ್ನೊಮ್ಮೆ 'ಅಪ್ಪಾ, ಬರದು ಕೊಡು' ಎಂದರೆ ನಾನು ಬರೆದು ಸಹಿ ಹಾಕಿಬಿಡುತ್ತೇನೆ, ನನ್ನ ಕೈ ನನಗೆ ಗೊತ್ತು. ಕೈಮುಗಿಯುತ್ತೇನೆ ಮಗನೇ, ಇನ್ನೊಮ್ಮೆ ಕೇಳಬೇಡ.