ತಟ್ಟೆಯ ಅಂಚಿನಲ್ಲಿ ಬಿಟ್ಟದ್ದು

ಗುಬ್ಬಿ
೪ ಡಿಸೆಂಬರ್ ೨೦೨೪, ಬುಧವಾರ

ನನ್ನ ಗುಬ್ಬಚ್ಚಿ ರೂಪಶ್ರೀಗೆ,

ಗುಬ್ಬಿಯಿಂದ ನಿನ್ನ ಅಪ್ಪ ಸದಾಶಿವಯ್ಯ ತಲೆ ಸವರಿ ಬರೆಯುತ್ತಿರುವ ಕಾಗದ. ಇಪ್ಪತ್ತು ಕಿಲೋಮೀಟರ್ ದೂರಕ್ಕೆ ಯಾರಾದರೂ ಕಾಗದ ಬರೆಯುತ್ತಾರಾ ಅಂತ ನಗಬೇಡ. ಸದಾಶಿವಯ್ಯನ ಮಗಳು ಇರುವುದು ತುಮಕೂರಿನ ಸದಾಶಿವನಗರದಲ್ಲೇ ಆದರೂ ಎದುರು ಕೂತು ಹೇಳಲಾಗದ ಮಾತು ಕೆಲವಿವೆ. ಫೋನಿನಲ್ಲಿ ಹೇಳಲು ನಾಲ್ಕು ಸಲ ನೋಡಿದೆ. ನೀನು "ಊಟ ಆಯ್ತಾ ಅಪ್ಪಾಜಿ?" ಅಂದ ಕೂಡಲೇ ಏನೋ ಒಂದು ಚೇಷ್ಟೆಯ ಮಾತು ಎಸೆದು ತಪ್ಪಿಸಿಕೊಂಡೆ. ನಿನ್ನ ಅಮ್ಮ ತೀರಿಕೊಂಡು, ಅವಳ ಶಿವಗಣಾರಾಧನೆ ಮುಗಿದ ಮಾರನೆಯ ದಿನವೇ ಬರೆಯಬೇಕಿತ್ತು. ಇವತ್ತಿಗೆ ಐದು ವಾರವಾಯಿತು. ತಡ ಮಾಡಿದ್ದಕ್ಕೆ ಬೈದುಕೋ. ಆದರೆ ಪೂರ್ತಿ ಬೈದು ಮುಗಿಸಬೇಡ, ಸ್ವಲ್ಪ ಉಳಿಸಿಕೊಂಡಿರು.

ಮೊದಲು ಇಲ್ಲಿನ ಸುದ್ದಿ. ನೀನು ಕಳಿಸುವ ಕ್ಯಾರಿಯರ್ ದಿನಾ ಹನ್ನೆರಡೂವರೆ ಬಸ್ಸಿಗೆ ತಪ್ಪದೆ ಬರುತ್ತಿದೆ. ಜಯಪ್ರಕಾಶ್ ಗೊತ್ತಲ್ಲ, ನಾನು ಕಂಡಕ್ಟರಾಗಿದ್ದಾಗ ನನ್ನ ಕೈಕೆಳಗೆ ಟಿಕೆಟ್ ಹರಿಯಲು ಕಲಿತ ಹುಡುಗ. ಈಗ ಅವನಿಗೇ ರಿಟೈರ್‌ಮೆಂಟ್ ಹತ್ತಿರ. ಬಸ್ಸು ನಿಲ್ಲುವ ಮೊದಲೇ ಬಾಗಿಲಲ್ಲಿ ನಿಂತು ಕೂಗುತ್ತಾನೆ: "ತಗಳಿ ಸಾಹೇಬ್ರೆ, ಮಗಳು ಕಳ್ಸವ್ಳೆ. ದಿನಾ ಟಿಕೆಟ್ ಇಲ್ದಂಗೆ ಬತ್ತೈತೆ ಇದು. ಚೆಕಿಂಗ್‌ನೋರು ಹಿಡುದ್ರೆ ನಾನ್ ಬರಲ್ಲ, ನೀವೇ ಹೋಗ್ಬೇಕು."

"ಪಾಸ್ ಐತೆ ಕಣಲಾ ಅದಕ್ಕೆ. ಸೀನಿಯರ್ ಸಿಟಿಜನ್ ಊಟ ಅದು."

ಬಸ್ಸಿನವರೆಲ್ಲ ನಗುತ್ತಾರೆ. ನಾನೂ ನಗುತ್ತೇನೆ. ಮನೆಗೆ ಬಂದು ಡಬ್ಬಿ ಬಿಚ್ಚುತ್ತೇನೆ. ನಿನ್ನ ಸಾರಿನಲ್ಲಿ ಉಪ್ಪು ಸರಿಯಾಗಿರುತ್ತದೆ. ಕಷ್ಟ ಅದೇ. ಎರಡು ತುತ್ತಿಗೇ ಡಬ್ಬಿ ಮುಚ್ಚಿಡುತ್ತೇನೆ.

ಯಾಕೆ ಅಂತ ಹೇಳುತ್ತೇನೆ. ಆರಾಧನೆಯ ದಿನ ಪಂಕ್ತಿ ಕೂತಿತ್ತು. ನೀನು ಅಡುಗೆಮನೆ ಬಾಗಿಲಲ್ಲಿ ನಿಂತು, ಯಡಿಯೂರಿನಿಂದ ಬಂದಿದ್ದ ನಿನ್ನ ದೊಡ್ಡಮ್ಮ ತಿಪ್ಪಮ್ಮನ ಹೆಗಲಿಗೆ ತಲೆಯಿಟ್ಟು ಅಂದೆ: "ಅಮ್ಮ ಬಾಯಿ ಕಟ್ಲಿಲ್ಲ ದೊಡ್ಡಮ್ಮ. ಕದ್ದು ತಿಂದ್ಲು, ಕದ್ದು ಕುಡಿದ್ಲು. ಸಿದ್ಧಲಿಂಗೇಶ್ವರನ ಆಣೆ ಇಟ್ಟು ನಂಗೇ ಸುಳ್ಳು ಹೇಳಿದ್ಲು." ನಾನು ನಿನ್ನ ಬೆನ್ನ ಹಿಂದೆ ಎಲೆಯ ಕಟ್ಟು ಹಿಡಿದು ನಿಂತಿದ್ದೆ. ಆಗಲೇ ಬಾಯಿ ಬಿಡಬೇಕಿತ್ತು. ಬಿಟ್ಟೆ, ಆದರೆ ಬಡಿಸುವವನಿಗೆ ಪಾಯಸದ ಬಗ್ಗೆ ಏನೋ ಒಂದು ಜೋಕು ಹೇಳಿದೆ. ನಿನ್ನ ಅಮ್ಮ ಕಳ್ಳಿ ಅನ್ನಿಸಿಕೊಂಡು, ಸುಳ್ಳಿ ಅನ್ನಿಸಿಕೊಂಡು ಹೋಗಿದ್ದಾಳೆ. ಅದನ್ನು ಅಳಿಸಲು ಈ ಕಾಗದ.

ಯುಗಾದಿ ಕಳೆದ ಮೇಲೆ ತುಮಕೂರಿನ ಡಾಕ್ಟರ ಹತ್ತಿರ ಹೋದದ್ದು ನೆನಪಿದೆಯಲ್ಲ? "ಹಾರ್ಟ್ ಫೇಲ್ಯೂರ್" ಅಂದರು. ನಾನು ಸುಮ್ಮನಿರಲಾರದೆ, "ಫೇಲ್ ಅಂದ್ರೆ ಎಷ್ಟು ಮಾರ್ಕ್ಸ್ ಡಾಕ್ಟ್ರೇ?" ಅಂದೆ.

"ಪಂಪಿಂಗ್ ಇಪ್ಪತ್ತೈದು ಪರ್ಸೆಂಟ್ ಇದೆ ಯಜಮಾನ್ರೆ."

"ಅಯ್ಯೋ, ಬರೀ ಹತ್ತು ಮಾರ್ಕ್ಸಲ್ಲಿ ಹೋಯ್ತಲ್ಲ ಸ್ವಾಮಿ! ಗ್ರೇಸ್ ಹಾಕ್ಬುಡಿ."

ಡಾಕ್ಟರು ನಕ್ಕರು. ನಿನ್ನ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗದೆ ಇದ್ದವಳು ನೀನೊಬ್ಬಳೇ. ನೀನು ಎಲ್ಲ ಬರೆದುಕೊಂಡೆ. ಅಡುಗೆಗೆ ಉಪ್ಪು ಹಾಕುವಂತಿಲ್ಲ. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರ ಬಿಸ್ಕತ್ತು ಮುಟ್ಟುವಂತಿಲ್ಲ. ಅಂಗಡಿಯಲ್ಲಿ ಸಿಗುವ ಬದಲಿ ಉಪ್ಪೂ ಈ ಮಾತ್ರೆಗಳ ಜೊತೆ ಬೇಡ. ಕಾಫಿ, ಮಜ್ಜಿಗೆ, ಸಾರು ಎಲ್ಲ ಸೇರಿ ದಿನಕ್ಕೆ ಒಂದು ಲೀಟರ್. ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡಬೇಕು, ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಫೋನ್ ಮಾಡಬೇಕು. ಚಾರ್ಟನ್ನು ನೀನೇ ಫ್ರಿಜ್ಜಿಗೆ ಅಂಟಿಸಿದೆ. ಡಯಟ್ ಅಂದರೆ ಡೈಲಿ ಏಟು, ಲವಣ ಇಲ್ಲದ ಮೇಲೆ ಲವಲವಿಕೆ ಎಲ್ಲಿ ಅಂತೆಲ್ಲ ನಾನು ಅದರ ಮುಂದೆ ನಿಂತು ಗೇಲಿ ಮಾಡಿದೆ.

ಹೊರಡುವಾಗ ನೀನು ನನ್ನ ಕೈ ಹಿಡಿದು ಕೇಳಿದೆ: "ಅಪ್ಪಾಜಿ, ನೀವೂ ಸಪ್ಪೆ ತಿನ್ನಿ. ನಿಮ್ಮ ತಟ್ಟೆ ನೋಡಿದ್ರೆ ಅಮ್ಮಂಗೆ ಆಸೆ ಆಗುತ್ತೆ." ನಿನ್ನ ತಲೆ ಮುಟ್ಟಿ ಆಯಿತು ಅಂದೆ.

ಮುಂದಿನ ವಾರ ಬರುವಾಗ ನೀನು ಹೊಸ ಸ್ಟೀಲ್ ತಟ್ಟೆ ತಂದೆ. ಅಂಚಿನಲ್ಲಿ ಹೊಂಬಾಳಮ್ಮ ಅಂತ ಹೆಸರು ಕೊರೆಸಿದ್ದೆ. "ಇನ್ಮೇಲೆ ನಿನ್ ತಟ್ಟೆ ಇದು. ಅಪ್ಪಾಜಿ ಉಂಡ ತಟ್ಟೇಲಿ ಉಂಡಿದ್ದು ಸಾಕು" ಅಂದೆ. ಅವಳು ತಟ್ಟೆಯನ್ನು ಕಣ್ಣಿಗೊತ್ತಿಕೊಂಡು, "ಹೂ ಕಣವ್ವ" ಅಂದಳು. ನಲವತ್ತೆಂಟು ವರ್ಷ ನಾನು ಉಂಡೆದ್ದ ತಟ್ಟೆಗೇ ತನಗೂ ಬಡಿಸಿಕೊಂಡವಳು. ಬೇಡ ಅಂತ ನಾನೂ ಹೇಳಿದ್ದೆ, ಕೇಳಿದವಳಲ್ಲ. ನೀನು ಬರುವ ಭಾನುವಾರ ಮಾತ್ರ ಆ ಹೆಸರಿನ ತಟ್ಟೆ ಕೆಳಗಿಳಿಯುತ್ತಿತ್ತು. ಉಳಿದ ಆರು ದಿನ ಅದು ಸ್ಟ್ಯಾಂಡಿನಲ್ಲಿ ಫೋಟೋದ ಹಾಗೆ ನಿಂತಿರುತ್ತಿತ್ತು.

ಅಕ್ಟೋಬರ್ ಮೊದಲ ಭಾನುವಾರ ನೀನು ಬಂದಾಗ ಅವಳ ಕಾಲು ಊದಿತ್ತು. ನೀನು ಬೆರಳಿಟ್ಟು ಒತ್ತಿದೆ, ಹಳ್ಳ ಬಿತ್ತು, ಮೇಲೇಳಲಿಲ್ಲ. ನೀನು ಅಡುಗೆಮನೆಯನ್ನೆಲ್ಲ ತಡಕಿದೆ. ರಾಗಿ ಡಬ್ಬದ ಹಿಂದೆ ತಿಪ್ಪಮ್ಮ ಕೊಟ್ಟಿದ್ದ ಮಾವಿನಮಿಡಿ ಉಪ್ಪಿನಕಾಯಿಯ ಜಾಡಿ ಸಿಕ್ಕಿತು. ಅರ್ಧ ಖಾಲಿ.

"ಯಾರು ತಿಂದಿದ್ದು ಇದನ್ನ?"

"ನಾನೇ ಕಣವ್ವ. ನಾಲ್ಗೆ ಕೇಳ್ಲಿಲ್ಲ."

"ನೀರು? ನೀರೂ ಕದ್ದು ಕುಡೀತಿದ್ಯಾ?"

"ನೀರು ಬಾಟ್ಲಲ್ಲಿ ಇರೋದಷ್ಟೇಯ. ಸಿದ್ಧಲಿಂಗೇಶ್ವರನಾಣೆ."

"ಉಪ್ಪಿನಕಾಯಿ ಕದ್ದೋಳು ಆಣೆ ಬೇರೆ ಇಡ್ತೀಯಾ? ನಮಗಿಂತ ಇದು ಹೆಚ್ಚಾಯ್ತಾ ನಿಂಗೆ?"

ಜಾಡಿಯನ್ನು ನೀನು ಚರಂಡಿಗೆ ಸುರಿದೆ. ಅಳುತ್ತಾ ಹೋದೆ. ಮುಂದಿನ ಭಾನುವಾರ ನೀನು ಬರಲಿಲ್ಲ. ಹತ್ತನೆಯ ದಿನಕ್ಕೆ ಆಸ್ಪತ್ರೆ. ನೀನು ಫ್ಯಾಕ್ಟರಿಯಿಂದ ಓಡಿ ಬರುವಷ್ಟರಲ್ಲಿ ಅವಳ ಬಾಯಿಗೆ ಪೈಪ್ ಹಾಕಿದ್ದರು. ನೀವಿಬ್ಬರೂ ಆಡಿದ ಕೊನೆಯ ಮಾತು ಆ ಭಾನುವಾರದ್ದೇ.

ಈಗ ನೀರಿನ ವಿಷಯ. ಹೋದ ವಾರ ನೀನು ಬಸ್ಸಾರು ಕಳಿಸಿದ್ದೆಯಲ್ಲ, ಅದನ್ನು ಅವಳ ಹೆಸರಿನ ತಟ್ಟೆಯಲ್ಲಿ ಹಾಕಿಕೊಂಡು ಕೂತೆ. ನಾಲ್ಕು ತುತ್ತು ತಿಂದೆ. ಅಭ್ಯಾಸ ನೋಡು, ಚೊಂಬಿನಿಂದ ತಟ್ಟೆಗೆ ನೀರು ಬಗ್ಗಿಸಿ, ಬೆರಳಿನಿಂದ ಅಂಚೆಲ್ಲ ಸವರಿ ತೊಳೆದು, ಎತ್ತಿ ಬಾಯಿಗಿಟ್ಟುಕೊಂಡೆ. ಕುಡಿಯುತ್ತಿರುವಾಗ ನಿನ್ನ ಅಮ್ಮನೂ ಹೀಗೇ ಕುಡಿಯುತ್ತಿದ್ದದ್ದು ನೆನಪಾಯಿತು.

ತಟ್ಟೆ ಎತ್ತಿಟ್ಟು ಅಷ್ಟೇ ನೀರು ಮತ್ತೆ ಬಗ್ಗಿಸಿ ಅಳೆದು ನೋಡಿದೆ, ರೂಪಾ. ಒಂದು ಊಟಕ್ಕೆ ಒಂದು ದೊಡ್ಡ ಲೋಟ. ದಿನಕ್ಕೆ ಮೂರು ಹೊತ್ತು. ಅರ್ಧ ಲೀಟರಿಗೂ ಮೇಲೆ.

ಅವಳು ಯಡಿಯೂರಿನ ಹೆಣ್ಣು. ದಾಸೋಹದ ಪಂಕ್ತಿಯಲ್ಲಿ ಕೂತು ದೊಡ್ಡವಳಾದವಳು. ಒಂದು ಅಗುಳೂ ಚೆಲ್ಲದೆ, ತಟ್ಟೆ ತೊಳೆದ ನೀರನ್ನು ಕಣ್ಣು ಮುಚ್ಚಿ ಕುಡಿಯಬೇಕು ಅಂತ ಅವಳಿಗೆ ಕಲಿಸಿದ್ದರು. ಅವಳ ಪಾಲಿಗೆ ಅದು ನೀರೇ ಅಲ್ಲ, ಪ್ರಸಾದ. ಚಾರ್ಟಿನಲ್ಲಿ ಕಾಫಿ ಇತ್ತು, ಸಾರು ಇತ್ತು, ಪ್ರಸಾದ ಅಂತ ಎಲ್ಲಿತ್ತು? ಬೆಳಿಗ್ಗೆ ನಾನು ತುಂಬಿಸಿಟ್ಟ ಬಾಟಲಿಯಲ್ಲಿ ಎಷ್ಟೋ ದಿನ ಎರಡು ಗುಟುಕು ಉಳಿಸಿ, "ನೋಡ್ರೀ, ಇವತ್ತು ಮಿಕ್ಕೈತೆ" ಅಂತ ಮಗುವಿನ ಹಾಗೆ ಎತ್ತಿ ತೋರಿಸುತ್ತಿದ್ದಳು. ನಲವತ್ತೆಂಟು ವರ್ಷ ನೋಡಿದ್ದರಿಂದಲೇ ಆ ತಟ್ಟೆಯ ನೀರು ನನ್ನ ಕಣ್ಣಿಗೆ ಬೀಳಲಿಲ್ಲ. ಬಸ್ಸಿನಲ್ಲಿ ಅರವತ್ತು ಜನರ ನಡುವೆ ಟಿಕೆಟ್ ತೆಗೆದುಕೊಳ್ಳದವನನ್ನು ವಾಸನೆಯಿಂದ ಹಿಡಿಯುತ್ತಿದ್ದವನು ನಾನು!

ಅವಳು ಇಟ್ಟ ಆಣೆ ನಿಜ, ಮಗಳೇ. ನಿನ್ನ ಅಮ್ಮ ನೀರು ಕದಿಯಲಿಲ್ಲ. ಇದನ್ನು ತಿಪ್ಪಮ್ಮನಿಗೂ ಹೇಳು. ಅವತ್ತು ನೀನು ಹೇಳಿದ್ದನ್ನು ಕೇಳಿಸಿಕೊಂಡ ಎಲ್ಲರಿಗೂ ಹೇಳು.

ನಿನ್ನ ಬೆನ್ನು ನೋವು ಹೇಗಿದೆ? ಫ್ಯಾಕ್ಟರಿಯಲ್ಲಿ ನಿಂತೇ ಕೆಲಸ ಮಾಡಬೇಡ, ಸ್ಟೂಲ್ ಕೇಳು. ಗುರುಪ್ರಕಾಶನಿಗೆ ಹೆಲ್ಮೆಟ್ ಬಕಲ್ ಹಾಕಿಕೊಳ್ಳಲು ಹೇಳು, ತಲೆ ಮೇಲೆ ಸುಮ್ಮನೆ ಕೂರಿಸಿಕೊಂಡು ಓಡಾಡುತ್ತಾನೆ ಅಳಿಯದೇವರು. ಭೂಮಿಕಾಗೆ ಈ ತಾತನ ಮುತ್ತು. ಮೂವರೂ ತಣ್ಣಗಿರಿ, ಉಂಡದ್ದು ಮೈಗೆ ಹತ್ತಲಿ. ಸಿದ್ಧಲಿಂಗೇಶ್ವರ ನಿನ್ನ ಬೆನ್ನಿಗಿರಲಿ. ನಾನು ನಿನ್ನ ಬೆನ್ನಿಗೆ ನಿಂತದ್ದು ಅಷ್ಟರಲ್ಲೇ ಇದೆ.

ನಿನ್ನ ಅಪ್ಪಾಜಿ
ಸದಾಶಿವಯ್ಯ

ಮತ್ತೆ ಬರೆದದ್ದು: ಇಲ್ಲಿಗೆ ಮುಗಿಸಿ ಕಾಗದ ಮಡಿಸಿದ್ದೆ. ಮತ್ತೆ ಬಿಚ್ಚಿದ್ದೇನೆ. ಜಾಡಿಯ ಮಾತು ಬಿಟ್ಟು ಹಾರಿದೆ, ನೀನು ಗಮನಿಸಿರುತ್ತೀಯ.

ಆ ಜಾಡಿಯ ಮುಚ್ಚಳ ತೆಗೆದವನು ನಾನು.

ನಿನ್ನ ತಲೆ ಮುಟ್ಟಿ ಕೊಟ್ಟ ಮಾತು ನಾಲ್ಕು ದಿನ ನಡೆಯಿತು. ಐದನೆಯ ದಿನದಿಂದ ನನ್ನ ಸಾರಿಗೆ ಬೇರೆ ಪಾತ್ರೆ, ಅದರಲ್ಲಿ ಉಪ್ಪು, ಪಕ್ಕದಲ್ಲಿ ಮಿಡಿ. ಅವಳ ಊಟ ಮಾತ್ರ ಕಡಿಮೆಯಾಗುತ್ತಾ ಬಂತು. ನಿಂಬೆಹಣ್ಣು ಹಿಂಡಿದೆ, ಮೆಣಸು ಜೀರಿಗೆ ಕುಟ್ಟಿ ಹಾಕಿದೆ, ಬಾಯಿಗೆ ಬಂದ ಕತೆಯೆಲ್ಲ ಹೇಳಿದೆ. ಅರ್ಧ ಮುದ್ದೆಗೇ ಕೈ ತೊಳೆಯುತ್ತಿದ್ದಳು. "ಮಣ್ಣು ತಿಂದಂಗಾಯ್ತದೆ ಕಣ್ರೀ" ಅಂದಳು ಒಂದು ದಿನ. ಹಾಗೆಲ್ಲ ದೂರುವವಳಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ ನನ್ನ ತಟ್ಟೆಯ ಅಂಚಿನಲ್ಲಿ ಚೂರು ಮಿಡಿ, ಸ್ವಲ್ಪ ರಸ ಉಳಿದಿತ್ತು. ಅದೇ ತಟ್ಟೆಗೆ ಬಡಿಸಿಕೊಂಡಳು. ಬೆರಳ ತುದಿಯಿಂದ ಸವರಿ ಬಾಯಿಗಿಟ್ಟಳು. ಅವತ್ತು ಒಂದು ಮುದ್ದೆ ಪೂರ್ತಿ ಉಂಡಳು, ರೂಪಾ. ಎಷ್ಟೋ ತಿಂಗಳ ಮೇಲೆ ಪೂರ್ತಿ ಒಂದು ಮುದ್ದೆ. ಎದ್ದು ಹೋಗುವಾಗ ನನ್ನ ಬೋಳು ತಲೆಗೆ ಒಂದು ಮೊಟಕಿ ಹೋದಳು.

ಮಾರನೆಯ ದಿನದಿಂದ ನಾನು ಬೇಕೆಂದೇ ಬಿಟ್ಟೆ. ಮೊದಲು ಚೂರು, ಆಮೇಲೆ ಅರ್ಧ ಮಿಡಿ. ಮರೆತವನ ಹಾಗೆ ಬಿಟ್ಟು ಏಳುತ್ತಿದ್ದೆ. ನೋಡದವಳ ಹಾಗೆ ಅವಳು ಕೂರುತ್ತಿದ್ದಳು. ಜೀವಮಾನವಿಡೀ ಊರಿಗೆಲ್ಲ ಚೇಷ್ಟೆ ಮಾಡಿದವನು ನಾನು, ಇದೊಂದು ಚೇಷ್ಟೆಯಲ್ಲಿ ಅವಳೂ ಪಾಲುದಾರಳು ಅಂತ ಒಳಗೊಳಗೇ ಹಿಗ್ಗಿದೆ. ಸೆಪ್ಟೆಂಬರಿನಲ್ಲಿ ತೂಕ ಏರಿತು. ಉಣ್ಣುತ್ತಿದ್ದಾಳಲ್ಲ, ಮೈ ಹಿಡಿಯಿತು ಅಂದುಕೊಂಡೆ. ನಿನಗೆ ಫೋನ್ ಮಾಡಲಿಲ್ಲ. ಪಕ್ಕದ ಮನೆಯವರಿಗೆ ಮಾತ್ರ ಹೇಳಿಕೊಂಡು ಬಂದೆ, ನಮ್ಮ ಹೊಂಬಾಳು ಹುಷಾರಾಗ್ತಾ ಇದಾಳೆ ಅಂತ.

ಜಾಡಿ ಹಿಡಿದು ನೀನು "ಯಾರು ತಿಂದಿದ್ದು?" ಅಂದೆಯಲ್ಲ, ಆಗ ಅವಳು ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ನೋಡಿದ್ದರೆ ನಿನಗೆ ಗೊತ್ತಾಗಿಬಿಡುತ್ತಿತ್ತು.

ಆಸ್ಪತ್ರೆಯಲ್ಲಿ ಪೈಪ್ ಹಾಕುವ ಮೊದಲು ನನ್ನ ಕೈ ಹಿಡಿದು ಉಸಿರು ಕೂಡಿಸಿಕೊಂಡು ಹೇಳಿದಳು: "ಮಿಡಿ ವಿಷ್ಯ ಮಗೀಗೆ ಹೇಳ್‌ಬ್ಯಾಡಿ. ನಾ ಹೋಗೋಳು, ನನ್ ಮ್ಯಾಲೆ ಸಿಟ್ಟಿದ್ರೆ ಇರ್ಲಿ ಬುಡಿ. ನಾಳಿಕ್ ನಿಮ್ಗೆ ಅನ್ನ ಹಾಕೋಳು ಅವ್ಳೇಯ."

ಹಾಗೇ ಆಯಿತು. ಅವಳು ತನ್ನ ಹೆಸರು ಕೆಡಿಸಿಕೊಂಡು ಉಳಿಸಿಕೊಟ್ಟ ಅನ್ನ ಐದು ವಾರದಿಂದ ಹನ್ನೆರಡೂವರೆ ಬಸ್ಸಿಗೆ ಬರುತ್ತಿದೆ.

ಡಾಕ್ಟರು ನನಗೆ ಹೇಳಿದರು, "ಹೃದಯ ಮೊದಲೇ ಸೋತಿತ್ತು ಯಜಮಾನ್ರೆ, ಇಂಥದ್ದರಿಂದಲೇ ಅಂತ ಹೇಳಕ್ಕಾಗಲ್ಲ" ಅಂತ. ಆ ಮಾತಿನ ಹಿಂದೆ ಅವಿತುಕೊಳ್ಳಲು ನೋಡಿದೆ. ನನ್ನ ಮೈ ಅದರ ಹಿಂದೆ ಹಿಡಿಸುವುದಿಲ್ಲ.

ಈ ಕಾಗದವನ್ನು ತೊಳೆದ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿಟ್ಟು ಇವತ್ತು ಸಂಜೆ ವಾಪಸ್ ಹೋಗುವ ಜಯಪ್ರಕಾಶನ ಕೈಗೆ ಕೊಡುತ್ತೇನೆ. ಇದನ್ನು ಓದಿದ ಮೇಲೆ ನೀನು ಅದನ್ನು ಮತ್ತೆ ತುಂಬಿಸಬೇಕಾಗಿಲ್ಲ. ಆದರೂ ನಾಳೆ ಹನ್ನೆರಡೂವರೆಗೆ ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಜಯಪ್ರಕಾಶ್ ಬರಿಗೈಯಲ್ಲಿ ಬಾಗಿಲಿಗೆ ಬಂದರೆ ಏನೂ ಕೇಳುವುದಿಲ್ಲ. ಬಸ್ಸಿನ ಬೆನ್ನು ತಟ್ಟಿ, ರೈಟ್ ಹೇಳಿ, ಮನೆಗೆ ಬರುತ್ತೇನೆ.