ಮಂಗಳ ಹಾಡದ ಆಟ

ಲಿಸ್ಬನ್, ೨೧೯೪ನೇ ಇಸವಿ, ಶ್ರಾವಣ ಮಂಗಳವಾರ

ನನ್ನ ಮುತ್ತಜ್ಜಿಯ ಮುತ್ತಜ್ಜಿಗೂ ಆಕೆಯ ಓರಗೆಯವರಿಗೂ ಬಾಳವ್ವನ ಶರಣು.

ನೀವು ಕಾಣದ ಕಾಲದಿಂದ ಬರೆಯುತ್ತಿದ್ದೇನೆ. ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಘಟಪ್ರಭೆ ದಂಡೆಯ ಸಾಲೆಯಲ್ಲಿ ನಾಲ್ಕನೇ ಇಯತ್ತೆಗೇ ನನ್ನ ಓದು ಮುಗಿಯಿತು.

ಮಗಳ ಬೆನ್ನಿಗೆ ಇಲ್ಲಿಗೆ ಬಂದು, ಇಪ್ಪತ್ತು ವರ್ಷದಿಂದ ನೀಲಿ ಟೈಲ್ಸಿನ ನಾಟಕಶಾಲೆಯ ಕಸ ಹೊಡೆಯುತ್ತಿದ್ದೇನೆ. ನಾನೂರು ವರ್ಷದ ಕಟ್ಟಡ. ಊರಿನಲ್ಲಿ ಉಳಿದದ್ದು ಇದೊಂದೇ, ಮಿಕ್ಕವೆಲ್ಲ ನೆರಳುಪೆಟ್ಟಿಗೆ ಸೇರಿವೆ. ನೆರಳುಪೆಟ್ಟಿಗೆಯೆಂದರೆ ಅಡುಗೆಮನೆಯ ಕಪಾಟಿನಷ್ಟಿರುತ್ತದೆ. ತಲೆ ತೂರಿಸಿದರೆ ಹಳೆಯ ರಂಗಮಂದಿರ, ಸತ್ತ ನಟರು, ಚಪ್ಪಾಳೆ ಎಲ್ಲ ಸಿಗುತ್ತವೆ. ಮುಂದಿನ ಸಾಲಿನವಳ ತುರುಬು ಅಡ್ಡ ಬರುವುದಿಲ್ಲ, ಪಕ್ಕದವನು ಕೆಮ್ಮುವುದಿಲ್ಲ. ಅದೂ ಒಂದು ಆಟವೇ?

ನಮ್ಮದನ್ನೂ ಪೆಟ್ಟಿಗೆಗೆ ತುಂಬಿ ಕಟ್ಟಡಕ್ಕೆ ಬೀಗ ಜಡಿಯುವುದೆಂದು ನಗರಸಭೆ ಠರಾಯಿಸಿತು. ಕಡೆಯ ಆಟ ಇಲ್ಲಿಗೆ ಬಂದು ನೆಲೆಸಿದ ನಮ್ಮ ಸೀಮೆಯವರ ದೊಡ್ಡಾಟಕ್ಕೆ ಸಿಕ್ಕಿತು. ಆಟ ನಡೆದಿರುವಾಗ ಬೀಗ ಹಾಕಬಾರದೆಂಬ ಹಳೆಯ ಕಾಯಿದೆ ಇಲ್ಲಿದೆ, ಹಾಗಾಗಿ ಅಧಿಕಾರಿ ದುವಾರ್ತೆ ಬಾಗಿಲಲ್ಲೇ ಕಾದಿದ್ದ. ಹಾಡುಗಾರ ಗುರಸಿದ್ದ ಮಂಗಳ ಹಾಡಲು ಬಾಯಿ ತೆರೆದ. ನಾನು ಪೊರಕೆ ಸಮೇತ ರಂಗ ಹತ್ತಿ ಆ ಬಾಯಿ ಮುಚ್ಚಿದೆ. ಮುಗಿಯಿತೇನಜ್ಜಿ ಎಂದು ದುವಾರ್ತೆ ಕೇಳಿದ.

"ಮಂಗಳ ಹಾಡಿಲ್ಲೋ ತಮ್ಮಾ. ಹಾಡೂತನಕ ಆಟ ಮುಗಿಯೂದಿಲ್ಲ. ನೀನೂ ಕುಂದ್ರು."

ಅವನು ಕಾಯಿದೆ ಪುಸ್ತಕ ತಿರುವಿದ. ಆಟ ಯಾವಾಗ ಮುಗಿಯಿತೆಂದು ಆಡುವವರೇ ಹೇಳಬೇಕೆಂದು ಅದರಲ್ಲಿತ್ತು. ಇಂದಿಗೆ ನಲವತ್ತು ದಿನ. ಪಾಳಿಯ ಮೇಲೆ ರಂಗ ತುಂಬುತ್ತಿದ್ದೇವೆ. ನಮ್ಮವರು ದಣಿದಾಗ ಓಣಿಯ ಮೀನು ಮಾರುವ ಹೆಂಗಸರು ಬಂದು ಫಾದು ಎಂಬ ತಮ್ಮ ದುಃಖದ ಹಾಡು ಹಾಡುತ್ತಾರೆ. ಅದರ ಮುಂದೆ ನಮ್ಮ ಹೆಣ್ಣು ಕಳಿಸುವ ಹಾಡು ನಗೆಚಾಟಿಕೆ. ನಿನ್ನನ್ನು ನಿನ್ನೂರಿಗೆ ಅಟ್ಟುತ್ತೇವೆ ಎಂದು ದಿನಕ್ಕೊಂದು ನೋಟೀಸು ಬರುತ್ತದೆ. ಮಗಳು ಅಳುತ್ತಾಳೆ. ಆಟದ ನಡುವೆ ಆಟಗಾರ್ತಿಯನ್ನು ಎಳೆದೊಯ್ಯಲು ಅವರ ಕಾಯಿದೆಗೇ ಧೈರ್ಯವಿಲ್ಲ, ನಾನೇಕೆ ಅಳಲಿ?

ನಿಮಗೊಂದು ಮಾತು. ನಾಟಕಶಾಲೆಗಳಿಗೆ ಬಿದ್ದ ಈ ಬೀಗಗಳಲ್ಲಿ ಮೊದಲನೆಯದು ನಿಮ್ಮ ಕಾಲದ್ದು. ಆಟಕ್ಕೆ ನಾಳೆ ಹೋದರಾಯಿತೆಂದು ಮನೆಯಲ್ಲಿ ಕಾಲು ಚಾಚಿದಿರಿ. ಏಳಿ, ಚಪ್ಪಲಿ ಮೆಟ್ಟಿ, ಹೋಗಿ ಕೂಡಿರಿ. ಆಟ ಕೆಟ್ಟಿದ್ದರೆ ಎದ್ದು ನಿಂತು ಹೇಳಿರಿ, ಕೇಳಲು ಜೀವಂತ ಮನುಷ್ಯರಿರುತ್ತಾರೆ.

ನನ್ನ ಪಾಳಿ ಬಂತು. ನನಗೆ ಹಾಡು ಬರುವುದಿಲ್ಲ, ಕುಣಿತವೂ ಬರುವುದಿಲ್ಲ. ಬೈಗುಳ ಬರುತ್ತದೆ. ನಗರಸಭೆಯವರು ಮೊದಲ ಸಾಲಿನಲ್ಲೇ ಕೂತಿದ್ದಾರಂತೆ.